ತಮಿಳ್ನಾಡು ಲೈಸೆನ್ಸು, ಬನಶಂಕರಿ ವಿಳಾಸ

ನಿಂಬೆ ಕಜ್ಜಿರೋಗದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಇವತ್ತು ಡ್ರೈವಿಂಗ್ ಲೈಸೆನ್ಸಿನ ವಿಷ್ಯ. ಇದ್ಯಾಕಪ್ಪ ಹೊಲದ ಪೇಜಲ್ಲಿ ಅನ್ಬೇಡಿ. ಬನಶಂಕರಿ 6ನೇ ಹಂತದಿಂದ ಹಿಡಿದು ತಲಘಟ್ಟಪುರ, ಕಗ್ಗಲೀಪುರದವರೆಗೂ ಈಗ ಹೊಲ ಮಾಡ್ತಿರೋರಲ್ಲಿ, ಟೆಂಪೋ ಓಡಿಸ್ತಿರೋರಲ್ಲಿ ಹೊಸೂರು ಕಡೆಯೋರು, ಹಿಂದೂಪುರ ಮಡಕಶಿರಾ ಕಡೆಯೋರು ಬೇಕಾದಷ್ಟು ಜನ ಇದ್ದೀವಿ. ಮನೇಲಿ ಆಡೋದು ಕನ್ನಡ, ಜೇಬಲ್ಲಿರೋ ಕಾರ್ಡು ಮಾತ್ರ ಬೇರೆ ರಾಜ್ಯದ್ದು. ಆ ಕಾರ್ಡು ಇಲ್ಲಿ ನಡೆಯಲ್ಲ ಅಂತ ಹೆದರ್ಸಿ ಏಜೆಂಟ್‌ಗಳು ಆರು ಸಾವಿರ, ಏಳು ಸಾವಿರ ಇಸ್ಕೊಳ್ತಾವ್ರೆ. ಒಂದು ಎಕರೆ ಸೊಪ್ಪಿನ ಬೀಜ, ಗೊಬ್ಬರದ ದುಡ್ಡು ಅದು.

ಮೊದ್ಲು ಒಂದು ಮಾತು ಗಟ್ಟಿಯಾಗಿ ಹೇಳ್ಬಿಡ್ತೀನಿ. ಭಾರತದ ಯಾವ ರಾಜ್ಯದಲ್ಲಿ ಕೊಟ್ಟ ಲೈಸೆನ್ಸಾದ್ರೂ ದೇಶಕ್ಕೆಲ್ಲಾ ನಡೆಯುತ್ತೆ. 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಅದನ್ನ ಬರೆದಿದ್ದಾರೆ. ಅತ್ತಿಬೆಲೆ ಗೇಟು ದಾಟಿದ ತಕ್ಷಣ ನಿಮ್ಮ ಲೈಸೆನ್ಸು ಸಾಯಲ್ಲ. ಅದು ಸಾಯೋದು ಅದರ ಮೇಲೆ ಬರೆದಿರೋ ತಾರೀಕಿಗೆ. ನಮ್ಮ ಜನ ಹೆದರೋದು ಗಡಿಗೆ, ನೋಡ್ಬೇಕಾದ್ದು ತಾರೀಕು.

ಇನ್ನು ನನ್ನ ಕತೆ. ನಾನು ತಳಿ ಕಡೆಯೋನು, ಡೆಂಕಣಿಕೋಟೆ ಹತ್ರ. ಓದಿದ್ದು ಕನ್ನಡ ಮೀಡಿಯಂ, ಎಸ್ಸೆಸ್ಸೆಲ್ಸಿ ಪಾಸು, ರಾಜ್ಯ ಮಾತ್ರ ತಮಿಳ್ನಾಡು. 1956ರಲ್ಲಿ ಭಾಷೆ ನೋಡಿ ರಾಜ್ಯ ಹಂಚಿದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ಹೊಸೂರು ಸೀಮೆ ಮದ್ರಾಸಿನಲ್ಲೇ ಉಳೀತು. ನಮ್ಮೂರು ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಓಡಾಡ್ತಾ ಇತ್ತು. ನಮ್ಮ ತಾತನ ಜಮೀನಿನ ಕಾಗದದಲ್ಲಿ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಜಿಲ್ಲೆ ಆಯ್ತು, ಅಪ್ಪನ ಕಾಗದದಲ್ಲಿ ಅದಿದೆ. 2004ರ ಫೆಬ್ರವರಿಯಲ್ಲಿ ಕೃಷ್ಣಗಿರಿ ಜಿಲ್ಲೆ ಮಾಡಿದ್ರು, ನನ್ನ ರೇಷನ್ ಕಾರ್ಡಲ್ಲಿ ಕೃಷ್ಣಗಿರಿ. ಆದ್ರೆ ನಾನು ಲೈಸೆನ್ಸ್ ಮಾಡಿಸಿದ್ದು 2003ರಲ್ಲಿ. ಹಂಗಾಗಿ ಅದರ ನಂಬರು ಟಿಎನ್ 29, ಧರ್ಮಪುರಿದು. ಈ ಒಂದು ವರ್ಷದ ವ್ಯತ್ಯಾಸ ಎಷ್ಟು ತಿರುಗಿಸ್ತು ಅಂತ ಮುಂದೆ ಹೇಳ್ತೀನಿ.

2022ರ ಮೇನಲ್ಲಿ ನಾವು ಈ ಕಡೆ ಬಂದ್ವಿ. ಮಾವನವರು ತೀರಿಕೊಂಡ ಮೇಲೆ ತುರಹಳ್ಳಿ ಕಾಡಿನ ಆಚೆಗಿರೋ ಒಂದೂವರೆ ಎಕರೆ ನೋಡ್ಕೊಳ್ಳೋರು ಯಾರೂ ಇರ್ಲಿಲ್ಲ. ನನ್ನ ಹೆಂಡ್ತಿ ಒಬ್ಬಳೇ ಮಗಳು. ಸುತ್ತ ಎಲ್ಲಾ ಬಡಾವಣೆ ಆಗಿ ಮಧ್ಯದಲ್ಲಿ ಉಳ್ಕೊಂಡಿರೋ ತುಂಡು ಅದು. ಅರ್ಧ ನಿಂಬೆ, ಮಿಕ್ಕಿದ್ದು ಸೊಪ್ಪು. ಜಮೀನು ಅವಳ ಹೆಸರಲ್ಲಿ, ಮಾವ ಬಿಟ್ಟುಹೋದ ಟೆಂಪೋ ಕೂಡ ಅವಳ ಹೆಸರಿಗೇ ಆಯ್ತು. ಓಡಿಸೋನು ನಾನು. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ಲೈಸೆನ್ಸಿನ ಭಾರ ಇರೋದು ಇಲ್ಲಿ.

ನಿಂಬೆ ಹೋಗೋದು ಬನಶಂಕರಿ ಅಮ್ಮನ ಗುಡಿ ಹತ್ರಕ್ಕೆ. ನಿಮಗೆ ಗೊತ್ತಿರೋದೇ, ಅಲ್ಲಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ತಾರೆ. ಮಂಗಳವಾರ ಮೂರರಿಂದ ನಾಲ್ಕೂವರೆ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಭಾನುವಾರ ಸಂಜೆ ನಾಲ್ಕೂವರೆಯಿಂದ ಆರು. ಹಣ್ಣು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆ ಒಳಗಿಂದ ಹೊರಕ್ಕೆ ಮಗುಚಿ, ತುಪ್ಪ ಹಾಕಿ ಬತ್ತಿ ಇಡೋದು. ರಸಕ್ಕೆ ಕೊಳ್ಳೋರಿಗೆ ಸಿಪ್ಪೆ ಹೆಂಗಿದ್ರೂ ನಡೆಯುತ್ತೆ. ದೀಪಕ್ಕೆ ಕೊಳ್ಳೋ ಹೆಂಗಸರು ಒಂದು ಕಪ್ಪು ಚುಕ್ಕೆ ಇದ್ರೂ ಪಕ್ಕಕ್ಕಿಡ್ತಾರೆ. ಹಣ್ಣು ಮಂಗಳವಾರ ಒಂದು ಗಂಟೆಯೊಳಗೆ ಅಂಗಡಿಗಳಿಗೆ ಮುಟ್ಬೇಕು. ನಾಲ್ಕೂವರೆ ಆದ್ಮೇಲೆ ಅದೇ ಹಣ್ಣನ್ನ ಯಾರೂ ತಿರುಗಿ ನೋಡಲ್ಲ. ಟೆಂಪೋ ನಿಂತ್ರೆ ನಮ್ಮ ವಾರದ ದುಡ್ಡು ನಿಂತಂಗೆ.

ನನ್ನ ಲೈಸೆನ್ಸಿನ ತಾರೀಕು 2023ರ ಜೂನ್‌ಗೆ ಮುಗೀತಿತ್ತು. ಹಳೇ ಕಾಯ್ದೆಯಲ್ಲಿ 20 ವರ್ಷ ಅಥವಾ 50 ವಯಸ್ಸು, ಯಾವುದು ಮೊದ್ಲು ಬರುತ್ತೋ ಅಲ್ಲಿವರೆಗೆ ಕೊಡ್ತಿದ್ರು. ನನಗೆ ವಯಸ್ಸೇ ಮೊದ್ಲು ಬಂತು, ಎರಡು ತಿಂಗಳ ಅಂತರದಲ್ಲಿ. ನವೀಕರಣಕ್ಕೆ ಅವಧಿ ಮುಗಿಯೋ ಒಂದು ವರ್ಷ ಮೊದ್ಲೇ ಅರ್ಜಿ ಹಾಕಬಹುದು, ಅದಕ್ಕೇ ಜನವರಿಯಲ್ಲೇ ಸೈಬರ್ ಸೆಂಟರಿಗೆ ಹೋದೆ. ವಿಳಾಸ ಬದಲಾವಣೆ, ನವೀಕರಣ ಎರಡೂ ಒಟ್ಟಿಗೇ ಆಗ್ಲಿ ಅಂತ. ಆಧಾರ್ ವಿಳಾಸ ಬಂದ ವರ್ಷವೇ ಬದಲಾಯಿಸಿದ್ವಿ. ಹುಡುಗ ಸಾರಥಿ ವೆಬ್‌ಸೈಟಲ್ಲಿ ಕರ್ನಾಟಕ ಆರಿಸಿ ಟಿಎನ್ 29 ನಂಬರ್ ಹಾಕಿದ, ಹುಟ್ಟಿದ ತಾರೀಕು ಹಾಕಿದ, ದಾಖಲೆ ಇಲ್ಲ ಅಂತು. ಇನ್ನೊಂದ್ಸಲ, ಮತ್ತೊಂದ್ಸಲ. ಇಲ್ಲ.

ಇಲ್ಲಿ ಏನಾಗಿರುತ್ತೆ ಅಂದ್ರೆ, ಆಗಿನ ಲೈಸೆನ್ಸುಗಳು ರಿಜಿಸ್ಟರಲ್ಲಿ ಕೈಬರಹ. ಕಂಪ್ಯೂಟರಿಗೆ ಬಂದಾಗ ಹಳೇದನ್ನೆಲ್ಲ ಏರಿಸಿರಲ್ಲ. ಅಂಥದ್ದನ್ನ ಕೊಟ್ಟ ಕಚೇರಿಯೇ ತನ್ನ ರಿಜಿಸ್ಟರ್ ನೋಡಿ ಆನ್‌ಲೈನಿಗೆ ಹಾಕ್ಬೇಕು. ಬ್ಯಾಕ್‌ಲಾಗ್ ಎಂಟ್ರಿ ಅಂತಾರೆ. ನಮ್ಮ ಬೆಂಗಳೂರು ಆರ್‌ಟಿಓಗೆ ಅದನ್ನ ಮಾಡೋ ಅಧಿಕಾರ ಇಲ್ಲ, ಅವ್ರ ಹತ್ರ ಜಗಳ ಆಡಿ ಪ್ರಯೋಜನ ಇಲ್ಲ. ಒಬ್ಬ ಏಜೆಂಟು ಆ ಹೊತ್ತಲ್ಲೇ ಹೇಳ್ದ, "ಹಳೇದು ಬಿಟ್ಬಿಡಿ, ಹೊಸಾ ಎಲ್ಎಲ್ಆರ್ ಹಾಕ್ಸಿ ಹೊಸಾ ಲೈಸೆನ್ಸೇ ಕೊಡಿಸ್ತೀನಿ, 6500." ಚಾಲ್ತಿಯಲ್ಲಿರೋ ಲೈಸೆನ್ಸನ್ನ ಬಚ್ಚಿಟ್ಟು ಇನ್ನೊಂದು ಮಾಡಿಸೋದು ಕಾನೂನಿಗೆ ವಿರುದ್ಧ, ಒಬ್ಬನ ಹತ್ರ ಎರಡು ಇರೋ ಹಂಗಿಲ್ಲ. ಜೊತೆಗೆ ಇಪ್ಪತ್ತು ವರ್ಷ ಗಾಡಿ ಓಡಿಸಿದ ಲೆಕ್ಕ ಹೊಳೇಲಿ ಹೋಗುತ್ತೆ. ಕೈ ಮುಗಿದು ಬಂದೆ.

ಆಮೇಲೆ ಶುರುವಾಯ್ತು ತಿರುಗಾಟ. ನಂಬರು ಹಳೇ ಜಿಲ್ಲೇದು, ಊರು ಹೊಸ ಜಿಲ್ಲೇದು. ಒಂದು ಕಚೇರಿಯೋರು ಅಲ್ಲಿಗೆ ಹೋಗಿ ಅಂದ್ರು, ಅಲ್ಲಿಯೋರು ನಿಮ್ಮೂರಿನ ಪುಸ್ತಕ ಜಿಲ್ಲೆ ಒಡೆದಾಗ ಇತ್ತ ಬಂದಿಲ್ಲ, ಅತ್ತ ಹೋಗಿಲ್ಲ, ನೋಡ್ಬೇಕು ಅಂದ್ರು. ಯಾವ ಕಚೇರಿ ಅಂತ ಹೆಸರು ಬರೆಯಲ್ಲ, ಅಲ್ಲಿ ಕೂತಿರೋ ಗುಮಾಸ್ತರೇನು ಜಿಲ್ಲೆ ಒಡೆದೋರಲ್ಲ. ಜನವರಿ, ಮಾರ್ಚ್, ಮೇ. ಪ್ರತಿ ಸಲ ಬೆಳಗ್ಗೆ ನಾಲ್ಕಕ್ಕೆ ನೀರು ಬಿಟ್ಟು, ಐದರ ಬಸ್ಸು ಹತ್ತಿ, ರಾತ್ರಿ ಬಂದು ಮತ್ತೆ ಮೋಟಾರ್ ಹಾಕೋದು. ತಮಿಳು ಮಾತಾಡ್ತೀನಿ, ಓದೋದು ನಿಧಾನ. ಕಿಟಕಿ ಮೇಲಿನ ಬೋರ್ಡು ಓದೋಷ್ಟರಲ್ಲಿ ಕ್ಯೂ ಮುಂದೆ ಹೋಗಿರ್ತಿತ್ತು.

ಜೂನ್ ಬಂತು, ತಾರೀಕು ಮುಗೀತು. ಈ ಜಾಗದಲ್ಲಿ ಬಹಳ ಜನ ಒಂದು ಮಾತು ಹೇಳ್ತಾರೆ: "ಒಂದ್ ತಿಂಗ್ಳು ಗ್ರೇಸ್ ಇದೆ ಬಿಡಣ್ಣ, ಓಡ್ಸು." ಮುಂಚೆ ಇತ್ತು, 30 ದಿನ. 2019ರ ತಿದ್ದುಪಡಿಯಲ್ಲಿ ಅದನ್ನ ತೆಗೆದುಹಾಕಿದ್ದಾರೆ. ಈಗ ಅವಧಿ ಮುಗಿದ ಮೇಲೆ ಒಂದು ವರ್ಷದೊಳಗೆ ನವೀಕರಣ ಮಾಡಿಸ್ಬಹುದು, ವರ್ಷ ದಾಟಿದ್ರೆ ಮತ್ತೆ ಪರೀಕ್ಷೆ ಕೊಡ್ಬೇಕು. ಆದ್ರೆ ಆ ಒಂದು ವರ್ಷ ಇರೋದು ಅರ್ಜಿ ಹಾಕೋದಕ್ಕೆ, ಗಾಡಿ ಓಡಿಸೋದಕ್ಕಲ್ಲ. ಇವೆರಡನ್ನ ಒಂದೇ ಅಂತ ತಿಳ್ಕೊಂಡು ಓಡಿಸ್ತಿರೋರನ್ನ ನಾನು ನಮ್ಮ ಸುತ್ತಲೇ ನೋಡಿದ್ದೀನಿ.

ನಾನು ಟೆಂಪೋ ಕೀ ತೆಗೆದು ದೇವರ ಮನೇಲಿಟ್ಟೆ. ಪೊಲೀಸರ ದಂಡಕ್ಕೆ ಹೆದರಿ ಅಲ್ಲ, ದಂಡ ಕಟ್ಟಿ ಕೈ ತೊಳ್ಕೊಬಹುದು. ಯೋಚನೆ ಮಾಡಿ. ಗಾಡಿ ಅವಳ ಹೆಸರಲ್ಲಿ. ಲೈಸೆನ್ಸ್ ಇಲ್ದೋನ ಕೈಗೆ ಗಾಡಿ ಕೊಟ್ರೆ ಮಾಲೀಕರ ಮೇಲೂ ಕೇಸಿದೆ. ಕನಕಪುರ ರಸ್ತೇಲಿ ಯಾರಾದ್ರೂ ಬೈಕಿನೋನು ಅಡ್ಡ ಬಂದು ಹೆಚ್ಚುಕಮ್ಮಿ ಆದ್ರೆ ಇನ್ಸೂರೆನ್ಸ್ ಕಂಪನಿ ಮೊದ್ಲು ಕೇಳೋದು ಲೈಸೆನ್ಸಿನ ತಾರೀಕು. ಸುಪ್ರೀಂ ಕೋರ್ಟ್ 2004ರಲ್ಲೇ ಸ್ವರಣ್ ಸಿಂಗ್ ಕೇಸಲ್ಲಿ ಹೇಳಿರೋ ದಾರಿ ಇದೆ: ಕಂಪನಿ ಮೊದ್ಲು ನೊಂದೋರಿಗೆ ಪರಿಹಾರ ಕೊಡ್ಲಿ, ಮಾಲೀಕರ ತಪ್ಪಿದ್ರೆ ಆಮೇಲೆ ಅವ್ರ ಹತ್ರ ವಸೂಲಿ ಮಾಡ್ಕೊಳ್ಲಿ ಅಂತ. ನೊಂದೋರಿಗೆ ಅದು ನ್ಯಾಯ, ನಾನೇನೂ ತಕರಾರು ಮಾಡಲ್ಲ. ಆದ್ರೆ ಮಾಲೀಕರು ಅಂದ್ರೆ ನಮ್ಮನೇಲಿ ಯಾರು? ವಸೂಲಿ ಮಾಡೋಕೆ ಇರೋದೇನು? ಮಾವ ಬಿಡಿಎ ಕಾಲದಲ್ಲಿ ಕಚೇರಿ ಕಚೇರಿ ಅಲೆದು ಉಳಿಸಿಕೊಂಡ ಒಂದೂವರೆ ಎಕರೆ. ಅದನ್ನ ಅಳಿಯ ಒಂದು ಮಂಗಳವಾರದ ನಿಂಬೆಹಣ್ಣಿಗೆ ಪಣಕ್ಕಿಡೋದಾ?

ಹಂಗಾಗಿ ಏಳು ವಾರ ನಿಂಬೆ ಬಸ್ಸಲ್ಲಿ ಹೋಯ್ತು. ಅದೇ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿತ್ತು. ನನ್ನ ಹೆಂಡ್ತಿಗೆ ಶೂನ್ಯ ಟಿಕೆಟ್ಟು, ನನಗೆ ದುಡ್ಡಿನ ಟಿಕೆಟ್ಟು, ಚೀಲಕ್ಕೆ ಲಗೇಜು. ತಮಿಳ್ನಾಡು ವಿಳಾಸದ ಆಧಾರ್ ಇದ್ದಿದ್ರೆ ಆ ಶೂನ್ಯ ಟಿಕೆಟ್ಟೂ ಸಿಗ್ತಿರ್ಲಿಲ್ಲ, ಕರ್ನಾಟಕದ ಹೆಂಗಸರಿಗೆ ಮಾತ್ರ ಅದು. ಎರಡನೇ ವಾರದಿಂದ "ನೀವ್ಯಾಕೆ ಬರ್ತೀರಾ ದಂಡಕ್ಕೆ" ಅಂತ ನನ್ನ ಬಿಟ್ಟು ಅವಳೇ ಇನ್ನೊಬ್ಬ ಹೆಂಗಸಿನ ಜೊತೆ ಹೋಗೋಕೆ ಶುರು ಮಾಡಿದ್ಲು. ಟೆಂಪೋದಲ್ಲಿ ಆರು ಚೀಲ ಹೋಗ್ತಿದ್ದಿದ್ದು ಬಸ್ಸಲ್ಲಿ ಎರಡು. ಮಿಕ್ಕಿದ್ದು ತೋಟದ ಬಾಗಿಲಿಗೆ ಬಂದೋನಿಗೆ ಕೇಳಿದ ರೇಟಿಗೆ. ನಷ್ಟ ಆಯ್ತಾ ಅಂದ್ರೆ ಆಯ್ತು. ಆದ್ರೆ ಅವಳು ಅಂಗಡಿಯೋರ ಹತ್ರ ನೇರವಾಗಿ ಮಾತಾಡಿ ದೀಪದ ಹಣ್ಣು ಬೇರೆ, ರಸದ ಹಣ್ಣು ಬೇರೆ ವಿಂಗಡಿಸಿ ಎರಡು ರೇಟು ಮಾಡ್ಕೊಂಡು ಬಂದ್ಲು. ಅದು ಇವತ್ತಿಗೂ ನಡೀತಿದೆ. ಈಗ ಟೆಂಪೋ ಓಡಿದ್ರೂ ರೇಟು ಮಾತಾಡೋಳು ಅವಳೇ, ನಾನು ಡ್ರೈವರ್ ಅಷ್ಟೆ.

ಜುಲೈನಲ್ಲಿ ಪುಸ್ತಕ ಸಿಕ್ತು. ಒಬ್ಬ ವಯಸ್ಸಾದ ನೌಕರರು ಬಟ್ಟೆ ಗಂಟು ಬಿಚ್ಚಿ, ಧೂಳು ಕೊಡವಿ, ಬೆರಳು ಇಟ್ಕೊಂಡು ಸಾಲು ಸಾಲು ಇಳಿದು ನನ್ನ ಹೆಸರಲ್ಲಿ ನಿಲ್ಸಿದ್ರು. ಇಪ್ಪತ್ತು ವರ್ಷದ ಹಿಂದಿನ ನನ್ನ ಫೋಟೋ, ಮೀಸೆ ಪೂರ್ತಿ ಕಪ್ಪು. ಅವ್ರು ಫೋಟೋ ನೋಡಿ, ನನ್ನ ನೋಡಿ, ಮತ್ತೆ ಫೋಟೋ ನೋಡಿ ನಕ್ಕರು. ಟೀ ಕುಡೀರಿ ಅಂದ್ರೂ ಬೇಡ ಅಂದ್ರು.

ಆದ್ರೆ ಇನ್ನೊಂದು ಗಂಟು ಬಾಕಿ ಇತ್ತು, ಹೆಸರು. ತಮಿಳ್ನಾಡಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ ಮುಂದೆ, ನಮ್ಮ ಹೆಸರು ಹಿಂದೆ. ಲೈಸೆನ್ಸಲ್ಲಿ ಹಂಗಿದೆ. ಆಧಾರಲ್ಲಿ ನನ್ನ ಹೆಸರು ಮುಂದೆ, ಅಪ್ಪನ ಹೆಸರು ಪೂರ್ತಿಯಾಗಿ ಹಿಂದೆ. ಕಂಪ್ಯೂಟರಿಗೆ ಇಬ್ರೂ ಬೇರೆ ಬೇರೆ ಮನುಷ್ಯರು. ಅಲ್ಲಿ ಕೈ ಹಿಡಿದಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಗಣಿತದಲ್ಲಿ 36 ಬಂದಿದೆ ಅಂತ ಮೂವತ್ತು ವರ್ಷ ಮಡಚಿಟ್ಟಿದ್ದ ಕಾಗದ ಅದು. ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು ಮೂರೂ ಒಂದೇ ಕಡೆ ಇರೋದ್ರಿಂದ ಅದನ್ನ ನೋಡಿ ಒಪ್ಪಿದ್ರು. ನಿಮ್ಮ ಹತ್ರ ಇದ್ರೆ ಪಾಸೋ ಫೇಲೋ ನೋಡ್ಬೇಡಿ, ಜೋಪಾನ ಮಾಡಿ.

40 ವರ್ಷ ದಾಟಿದೋರಿಗೆ ನವೀಕರಣಕ್ಕೆ ಡಾಕ್ಟರ್ ಸರ್ಟಿಫಿಕೇಟು ಬೇಕು, ಫಾರಂ 1ಎ. ಇದನ್ನ ನೂರು ಇನ್ನೂರು ಕೊಟ್ಟು ಮುಖ ನೋಡದೆ ಸೀಲ್ ಹಾಕಿಸ್ಕೊಳ್ಳೋರು ಇದ್ದಾರೆ. ಬೇಡ. ಅದ್ರಲ್ಲಿ ಒಂದು ಪ್ರಶ್ನೆ ಇದೆ, 25 ಮೀಟರ್ ದೂರದಲ್ಲಿರೋ ಕಾರಿನ ನಂಬರ್ ಪ್ಲೇಟು ಹಗಲು ಬೆಳಕಲ್ಲಿ ಗುರುತು ಹಿಡೀತೀರಾ ಅಂತ. ಕನ್ನಡಕ ಇದ್ರೆ ಹಾಕ್ಕೊಂಡೇ ನೋಡ್ಬಹುದು. ಕೆಂಪು ಹಸಿರು ಬಣ್ಣ ಗೊತ್ತಾಗುತ್ತಾ, ರಾತ್ರಿ ಕಣ್ಣು ಕಾಣುತ್ತಾ, ಕಿವಿ ಕೇಳುತ್ತಾ ಅಂತೆಲ್ಲಾ ಇದೆ. ನಾನು ಡಾಕ್ಟರ ಹತ್ರ ಹೋಗೋಕೆ ಮುಂಚೆ ನಮ್ಮ ಬೀದೀಲೇ ಮೂವತ್ತು ಹೆಜ್ಜೆ ಅಳೆದು ನಿಂತೆ. ಬಲಗಣ್ಣಿಗೆ ಕಂಡಿದ್ದು ಎಡಗಣ್ಣಿಗೆ ಮಬ್ಬು. ಡಾಕ್ಟರು ಕನ್ನಡಕ ಬರೆದುಕೊಟ್ರು. ಹೊಸ ಕನ್ನಡಕ ಹಾಕ್ಕೊಂಡು ತೋಟಕ್ಕೆ ಬಂದಾಗ ಎಲೆ ಕೆಳಗಿನ ಕಜ್ಜಿ ಚುಕ್ಕೆ ಎಲ್ಲಾ ಕಣ್ಣಿಗೆ ಬಿತ್ತು, ಅದು ಬೇರೆ ಕತೆ.

ಅರ್ಜಿ ಹಾಕುವಾಗ ಯಾವ ಆರ್‌ಟಿಓ ಅನ್ನೋ ತಲೆಬಿಸಿ ಬೇಡ, ನಿಮ್ಮ ಪಿನ್‌ಕೋಡ್ ಹಾಕಿದ್ರೆ ಅದೇ ತೋರಿಸುತ್ತೆ. ಕೇಂದ್ರದ ನಿಯಮದಲ್ಲಿ ನವೀಕರಣಕ್ಕೆ 200, ವಿಳಾಸ ಬದಲಾವಣೆಗೆ 200, ಸ್ಮಾರ್ಟ್ ಕಾರ್ಡಿಗೆ 200. ಅವಧಿ ಮುಗಿದು ತಡ ಆದ್ರೆ ಮೇಲೆ ಬೀಳುತ್ತೆ. ನಂಗೆ ಬಸ್ ಚಾರ್ಜು, ಊಟ, ಸೈಬರ್ ಸೆಂಟರ್, ಡಾಕ್ಟರು ಎಲ್ಲಾ ಸೇರಿ ಏಜೆಂಟು ಕೇಳಿದ್ದರಲ್ಲಿ ಅರ್ಧ ಆಗ್ಲಿಲ್ಲ. ಕಾರ್ಡು ಪೋಸ್ಟಲ್ಲಿ ಬರೋಕೆ ಮುಂಚೆಯೇ ಡಿಜಿಲಾಕರಲ್ಲಿ ಕಾಣಿಸ್ತು. ಫೋನಲ್ಲಿ ತೋರಿಸಿದ್ರೆ ಸಾಕು ಅಂತ 2018ರಲ್ಲೇ ನಿಯಮ ಮಾಡಿದ್ದಾರೆ, ಅವತ್ತೇ ಕೀ ಹೊರಗೆ ತೆಗೆದೆ. ಈಗಿನ ಕಾಯ್ದೆಯಲ್ಲಿ 50ರಿಂದ 55ರೊಳಗೆ ನವೀಕರಣ ಮಾಡಿಸಿದೋರಿಗೆ 60 ವಯಸ್ಸಿನವರೆಗೆ ಕೊಡ್ತಾರೆ. ನನ್ನದು 2033ರವರೆಗೆ. 30ರಿಂದ 50ರೊಳಗಿನೋರಿಗೆ ಹತ್ತು ವರ್ಷ, 55 ದಾಟಿದ್ರೆ ಐದೈದು ವರ್ಷ.

ಗಾಡಿ ವಿಷ್ಯ ಬೇರೆ, ಲೈಸೆನ್ಸ್ ವಿಷ್ಯ ಬೇರೆ. ಇದನ್ನ ಕಲೆಸಿ ಹೇಳೋದ್ರಿಂದಲೇ ಏಜೆಂಟ್‌ಗಳ ಅಂಗಡಿ ನಡೆಯೋದು. ಮನುಷ್ಯ ಬೇರೆ ರಾಜ್ಯದ ಲೈಸೆನ್ಸಲ್ಲಿ ಅವಧಿ ಇರೋವರೆಗೂ ಓಡಿಸ್ಬಹುದು. ಗಾಡಿ ಹಂಗಲ್ಲ, ಬೇರೆ ರಾಜ್ಯದ ನಂಬರಿನ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಕೊಂಡ್ರೆ ಇಲ್ಲಿನ ನಂಬರ್ ಮಾಡಿಸ್ಬೇಕು. ಹಳೇ ಆರ್‌ಟಿಓದಿಂದ ಎನ್‌ಓಸಿ ತರ್ಬೇಕು, ಇಲ್ಲಿ ತೆರಿಗೆ ಕಟ್ಬೇಕು. ನಾನು ಊರಿಂದ ತಂದಿದ್ದ ಟಿಎನ್ 70 ನಂಬರಿನ ಎಕ್ಸೆಲ್ ಗಾಡಿಗೆ ಅಷ್ಟೆಲ್ಲಾ ಖರ್ಚು ಮಾಡೋದು ದಂಡ ಅನ್ನಿಸ್ತು, ವರ್ಷ ತುಂಬೋಕೆ ಮುಂಚೆ ತಳಿಯಲ್ಲೇ ಅಣ್ಣನ ಮಗನಿಗೆ ಕೊಟ್ಬಿಟ್ಟೆ. ಬಿಎಚ್ ನಂಬರು ಇದೆಯಲ್ಲ ಅಂತ ಒಬ್ರು ಕೇಳಿದ್ರು. ಅದು ಸರ್ಕಾರಿ ನೌಕರರಿಗೆ, ನಾಲ್ಕಾರು ರಾಜ್ಯದಲ್ಲಿ ಆಫೀಸಿರೋ ಕಂಪನಿಯೋರಿಗೆ. ಗಡಿ ದಾಟೋ ರೈತರಿಗೆ ಯಾರೂ ಅಂಥದ್ದು ಮಾಡಿಲ್ಲ.

ಇನ್ನೊಂದು ಹೆದರಿಕೆ, ಹಳದಿ ಬೋರ್ಡ್ ಟೆಂಪೋಗೆ ಬ್ಯಾಡ್ಜ್ ಬೇಕು, ಎಲ್‌ಎಂವಿ ಲೈಸೆನ್ಸ್ ಸಾಲಲ್ಲ ಅನ್ನೋದು. ಸರಕು ತುಂಬಿದ ಒಟ್ಟು ತೂಕ 7500 ಕೆಜಿ ಒಳಗಿರೋ ಗೂಡ್ಸ್ ಗಾಡಿಯನ್ನ ಎಲ್‌ಎಂವಿ ಲೈಸೆನ್ಸಲ್ಲೇ ಓಡಿಸ್ಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳ್ತು. 2024ರ ನವೆಂಬರ್ 6ರಂದು ಐದು ಜನ ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡೀತು. ನಮ್ಮ ಸೊಪ್ಪಿನ ಟೆಂಪೋಗಳೆಲ್ಲ ಅದರೊಳಗೇ ಬರುತ್ತೆ.

ಪಕ್ಕದ ತೋಟ ನೋಡ್ಕೊಳ್ಳೋರು ಮಡಕಶಿರಾದೋರು, ಅವ್ರದು 2005ರ ಲೈಸೆನ್ಸು, ಎಪಿ 02, ಅನಂತಪುರದ್ದು. 2022ರಲ್ಲಿ ಆ ಕಡೆಯೂ ಜಿಲ್ಲೆ ಒಡೆದು ಮಡಕಶಿರಾ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ನಂದೇ ಕತೆ ಇನ್ನೊಂದ್ಸಲ. ಅವ್ರ ಇಪ್ಪತ್ತು ವರ್ಷ ಈ ವರ್ಷಕ್ಕೆ ಮುಗಿಯುತ್ತೆ. ನಂಬರ್ ಹಾಕಿ ನೋಡಿದ್ವಿ, ದಾಖಲೆ ಕಾಣಿಸ್ತಿಲ್ಲ. ಬರೋ ಗುರುವಾರ ಬೆಳಗ್ಗೆ ನಾವಿಬ್ರೂ ಹೊರಡ್ತಿದ್ದೀವಿ, ಮೂಲ ಪುಸ್ತಕ, ಆಧಾರ್, ಅಂಕಪಟ್ಟಿ ಮೂರೂ ಇಟ್ಕೊಂಡು. ಅದೇ ದಿಕ್ಕಿನ ಹಳೇ ಲೈಸೆನ್ಸ್ ಇರೋರು ಇನ್ನಿಬ್ರು ಬರ್ಬಹುದು. ಬುಧವಾರ ಸಂಜೆಯೊಳಗೆ ಹೇಳಿ, ಬಸ್ಸಿಗೆ ಹೋಗೋದು, ಟೆಂಪೋ ಅವತ್ತು ಸೊಪ್ಪಿಗೆ ಬೇಕು.